ಆರಿಸದೆ ಕಲಸಿದ ಗಾರೆ

ಯುದ್ಧ ಮುಗಿದ ಮೋಸುಲ್‌ನ ಹಳೇ ಊರಿನಲ್ಲಿ ಯಾವುದಕ್ಕೆ ಬರವಿದ್ದರೂ ಬಿದ್ದ ಮನೆಗಳ ಕಲ್ಲುಮಣ್ಣಿಗೆ ಬರವಿರಲಿಲ್ಲ. ಅದನ್ನೇ ಕುಟ್ಟಿ ಪುಡಿಮಾಡಿ, ಮರಳಿನ ಬದಲು ಗಾರೆಗೆ ಕಲಸಿ ಗೋಡೆ ಎಬ್ಬಿಸುವುದರಲ್ಲಿ ಎಲ್ಲರೂ 'ಉಸ್ತಾ' ಎಂದು ಕರೆಯುವ ಮೇಸ್ತ್ರಿ ಗಾನಿಮ್‌ನದು ಎತ್ತಿದ ಕೈ. ಕುಟ್ಟುವ ಮೊದಲು ಒಂದೊಂದು ಹೆಂಟೆಯನ್ನೂ ಹೆಬ್ಬೆರಳಿನ ಉಗುರಿನಿಂದ ಗೀರಿ ನೋಡುವನು. ಗೀರು ಬಿದ್ದರೆ ಅದು ಹಳೇ ಗೋಡೆಗಳ ಜಿಪ್ಸಂ, ಆಚೆಗೆ ಎಸೆಯಬೇಕು. ಅದು ಸಿಮೆಂಟಿನ ಜೊತೆ ಸೇರಿ ನೀರು ಕಂಡರೆ ಗೋಡೆ ಒಳಗೊಳಗೇ ಉಬ್ಬಿ ಒಡೆಯುತ್ತದೆ.

ಗುತ್ತಿಗೆದಾರ ಹಾಜಿ ನಷ್ವಾನನಿಗೂ ಇದು ಗೊತ್ತಿತ್ತು. ಆದರೂ ಆ ಮಹಾರಾಯ ಅಡಿಗೆಮನೆ, ಕಕ್ಕಸು, ಸುಟ್ಟ ಹಾಸಿಗೆ ಎಲ್ಲವನ್ನೂ ಒಟ್ಟಿಗೇ ಯಂತ್ರಕ್ಕೆ ಸುರಿದು ಅರೆಸಿ ತಂದ. 'ಪರಿಸರಸ್ನೇಹಿ ಮನೆ' ಎಂಬ ಫಲಕವನ್ನು ಮೊದಲೇ ನೆಟ್ಟು ಫೋಟೋ ಕೂಡ ತೆಗೆಸಿಕೊಂಡಿದ್ದ. ಗಾನಿಮ್ ಒಂದು ಹಿಡಿ ಪುಡಿ ಎತ್ತಿ ಮೂಸಿದ. ಗಬ್ಬುನಾತ!

"ಥೂ! ಇದರಲ್ಲಿರೋ ಜಿಪ್ಸಂನ ಇನ್ನು ಯಾರ ಉಗುರು ಬೇರೆ ಮಾಡತ್ತೆ, ಹಾಜಿ?"

"ಉಗುರು ಕತ್ತರಿಸ್ಕೊಂಡು ಬಾ ಉಸ್ತಾ! ನೀನು ಆರಿಸ್ತಾ ಕೂತ್ರೆ ಉಮ್ ರಾಯಿದ್ ಈ ಚಳಿನೂ ಡೇರೆಲೇ ಕಳೀಬೇಕು."

ಉಮ್ ರಾಯಿದ್ ಎಂದರೆ ಈಗ ಕಟ್ಟಬೇಕಾಗಿದ್ದ ಮನೆಯ ಒಡತಿ, ವಿಧವೆ. ಮೂರು ಚಳಿಗಾಲ ಡೇರೆಯಲ್ಲೇ ಕಳೆದಿದ್ದಳು. ಕರಣೆ ಬಿಸಾಕಿ ಎದ್ದು ಬರಬೇಕಾದವನು ಗಾನಿಮ್, ಬರಲಿಲ್ಲ; ಅದೇ ಪುಡಿ ಕಲಸಿ ಗೋಡೆ ಎಬ್ಬಿಸಿದ. 'ಪಾಪ, ಅವಳಿಗೊಂದು ಸೂರಾಗಲಿ' ಎಂದು ತನ್ನನ್ನು ತಾನೇ ಪುಸಲಾಯಿಸಿಕೊಂಡ. ಸುಳ್ಳು! ನಷ್ವಾನ್ ಮುಂದಿನ ಹತ್ತು ಮನೆಗಳ ಕೆಲಸ ಕೊಡುತ್ತೇನೆ ಎಂದಿದ್ದ.

"ಗಾನಿಮ್ ಕಟ್ಟಿದ್ದು, ನೋಡೋದೇನಿದೆ?" ಎಂದು ಉಮ್ ರಾಯಿದ್ ಹಾಸಿಗೆ ಹೊತ್ತು ಒಳಗೆ ಬಂದಳು.

ಫೆಬ್ರವರಿ ಮಳೆಗೆ ಗೋಡೆ ಹೊಟ್ಟೆ ಮುಂದೆ ಮಾಡಿತು. ಗಾನಿಮ್ ಬಂದು ಮುಟ್ಟಿದರೆ ಗಾರೆ ಹಪ್ಪಳದಂತೆ ಉದುರುತ್ತಿತ್ತು. "ಸುಣ್ಣ ಬಳಿದುಬಿಡು, ಬೇಸಿಗೇಲಿ ನೋಡೋಣ" ಎಂದು ನಷ್ವಾನ್ ಫೋನಿಟ್ಟ. ಎಂಥ ಹೇಸಿಗೆಯ ಮನುಷ್ಯ! ಆದರೆ ಆ ಹೇಸಿಗೆಯನ್ನು ಕಲಸಿದ್ದು ತನ್ನದೇ ಕೈ ಎಂದು ನೆನೆದು ಗಾನಿಮ್ ಅಂಗೈಯನ್ನು ಅಂಗಿಗೆ ಉಜ್ಜಿಕೊಂಡ.

ಉಮ್ ರಾಯಿದ್ ಅವನ ಕೈಗೆ ಚಹಾದ ಲೋಟ ಕೊಟ್ಟಳು. "ಬೇಜಾರು ಮಾಡ್ಕೋಬೇಡಿ ಉಸ್ತಾ. ಆ ಕಳ್ಳ ನಿಮಗೂ ಮೋಸ ಮಾಡಿದ, ಅಲ್ವಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು.

"ಇಲ್ಲ" ಎಂದ ಗಾನಿಮ್. "ಗೋಡೆ ನಿಲ್ಲಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು."

ಅವಳು ಅವನ ಕೈಯಿಂದ ಲೋಟ ಕಿತ್ತುಕೊಂಡು, ಚಹಾವನ್ನು ಅಂಗಳಕ್ಕೆ ಚೆಲ್ಲಿ, ಹಾಸಿಗೆ ಸುತ್ತಲು ಒಳಗೆ ಹೋದಳು.