ಟವಲು ಹಾಕಿದ ಸೀಟು

ಬಸ್ಸಿನ ಕಿಟಕಿಯಿಂದ ಒಳಗೆಸೆದ ಒಂದು ಟವಲಿಗೆ ಇರುವ ಅಧಿಕಾರ ನಮ್ಮ ಎಷ್ಟೋ ಕಾಯ್ದೆಗಳಿಗೆ ಇಲ್ಲವೆಂಬುದನ್ನು ನೀವೂ ಗಮನಿಸಿರಬಹುದು. ಕಾವಲಿಲ್ಲ, ದಂಡವಿಲ್ಲ, ಆದರೂ ಬೆವರು ನಾರುವ ಆ ತುಂಡುಬಟ್ಟೆಯನ್ನು ಸರಿಸಿ ಕೂರಲು ಯಾರಿಗೂ ಮನಸ್ಸಾಗುವುದಿಲ್ಲ.

ಮೊನ್ನೆ ಸಾಗರದಲ್ಲಿ ಶಿಕ್ಷಕರ ತರಬೇತಿಯೊಂದರಲ್ಲಿ ನೀತಿಯ ಬಗ್ಗೆ ಎರಡು ತಾಸು ಮಾತಾಡಿ, ಕೇಳಿದವರಿಗಿಂತ ನಾನೇ ಹೆಚ್ಚು ಬಳಲಿ, ತೀರ್ಥಹಳ್ಳಿಗೆ ಮರಳಲು ಬಸ್ ನಿಲ್ದಾಣಕ್ಕೆ ಬಂದೆ. ನಿವೃತ್ತನಾದ ಮೇಲೆ ನನ್ನಲ್ಲಿ ಬೆಳೆಯುತ್ತಿರುವುದು ಮಂಡಿನೋವು ಮತ್ತು ಉಪದೇಶ, ಇವೆರಡೇ. ಹೊಸನಗರದ ಮೇಲೆ ಹೋಗುವ ಬಸ್ಸಿಗೆ ಟವಲೆಸೆದು, ಚಹಾ ಕುಡಿದು ಬರುವಷ್ಟರಲ್ಲಿ ಬಸ್ಸು ತುಂಬಿತ್ತು. ನನ್ನ ಸೀಟು ಮಾತ್ರ ಖಾಲಿ. ಅದರ ಪಕ್ಕದಲ್ಲೇ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಹೊಟ್ಟೆ ಹಿಡಿದು ನಿಂತಿದ್ದರು.

“ಕೂತ್ಕೊಳ್ಳಿ” ಎಂದೆ.

“ಬ್ಯಾಡ. ನೀವು ಹಿಡಿದ ಜಾಗ.”

ಮತ್ತೊಮ್ಮೆ ಹೇಳಿದೆ, ಮತ್ತೊಮ್ಮೆ ಬೇಡವೆಂದರು. ನಮ್ಮ ಕಡೆ ಎಲೆಯ ಮುಂದೆ ಕೂತವರು ಎರಡು ಸಲ ಬೇಡವೆಂದರೆ ಅದು ಸಂಕೋಚ, ಮೂರನೆಯ ಸಲ ಕೇಳಿ ಬಡಿಸಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಎರಡಕ್ಕೆ ನಿಲ್ಲಿಸಿ ಕೂತೆ. ಹೊಟ್ಟೆಯ ಮೇಲಿನ ಆ ಕೈ ಕಾಣದಿರಲೆಂದು ಕಣ್ಣು ಮುಚ್ಚಿದೆ. ಧರ್ಮಸೂಕ್ಷ್ಮ ಬಲ್ಲವನಿಗೆ ಅದರಿಂದ ನುಣುಚಿಕೊಳ್ಳುವ ಸೂಕ್ಷ್ಮವೂ ತಿಳಿದಿರುತ್ತದೆ.

ದಾರಿಯಲ್ಲಿ ಬಟ್ಟೆಮಲ್ಲಪ್ಪ ಎಂಬ ಊರಿನ ಹತ್ತಿರ ಕಂಡಕ್ಟರ್, “ಎಂತಕ್ಕ, ಹುಷಾರಿಲ್ವಾ?” ಎಂದು ಅವರನ್ನು ಕೇಳಿದ್ದು ಕಿವಿಗೆ ಬಿತ್ತು.

“ಆಪರೇಷನ್ ಆಗಿತ್ತು. ಇವತ್ತು ಹೊಲಿಗೆ ಬಿಚ್ಚಿದ್ರು.”

ಎದ್ದುಬಿಟ್ಟೆ. “ಕೂತ್ಕೊಳ್ಳಿ, ನಾನು ಇಲ್ಲೇ ಮುಂದೆ ಇಳೀತೀನಿ” ಎಂದು ಸುಳ್ಳು ಹೇಳಿದೆ. ಅವರು ಕೂತರು, ಮುಖ ಕಿಟಕಿಯ ಕಡೆ ತಿರುಗಿಸಿ ಉಸಿರು ಬಿಟ್ಟರು.

ತಿರುವು ತಿರುವಿಗೂ ಮಂಡಿ ಹಿಂಡುತ್ತಿತ್ತು. ಟವಲಿನ ಒಂದೇ ನಿಯಮ ಅವರನ್ನು ಅಷ್ಟು ದೂರ ನಿಲ್ಲಿಸಿತ್ತು, ನನ್ನನ್ನು ಕೂರಿಸಿತ್ತು. ಅವರು ನೋವು ನುಂಗಿಕೊಂಡು ನಿಯಮವನ್ನು ಕಾಯ್ದರು. ನಾನು ಆ ನಿಯಮದ ಮರೆಯಲ್ಲಿ ಅವರ ನೋವಿನಿಂದ ಅಡಗಿ ಕೂತೆ. ಬೆಳಗಿನ ಎರಡು ತಾಸಿನಲ್ಲಿ ಈ ವ್ಯತ್ಯಾಸ ನನ್ನ ಬಾಯಿಗೆ ಬಂದಿರಲಿಲ್ಲ.

ಹೊಸನಗರದಲ್ಲಿ ಅವರು ಇಳಿಯಲು ಎದ್ದರು. ಹತ್ತಿ ಬಂದವನೊಬ್ಬ ಸೀಟಿನತ್ತ ನುಗ್ಗಿದಾಗ ಅದರ ಮೇಲೆ ಅಂಗೈಯೂರಿ, “ತಡೀರಿ, ಇದು ಅವ್ರ ಜಾಗ” ಎಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ನೀವಿಳಿಯೋದು ಇನ್ನೂ ದೂರ ಇದ್ದಂಗಿದೆ” ಎಂದರು.

ನಾನು ಕೂರುವವರೆಗೂ ಅವರು ಕೈ ತೆಗೆಯಲಿಲ್ಲ. ಆಮೇಲೆ ಬಾಗಿಲ ಕಂಬಿ ಹಿಡಿದು, ನಿಂತು ನಿಂತು, ಒಂದೊಂದೇ ಮೆಟ್ಟಿಲು ಇಳಿದರು.