ಗೋಡೆಯ ಮೇಲಿನ ಹಿಟ್ಟು

ಗಿರಣಿಯಿಂದ ಆಗಷ್ಟೇ ತಂದ ಜೋಳದ ಹಿಟ್ಟಿಗೆ ಒಂದು ವಾಸನೆ ಇರುತ್ತದೆ. ಹಿಟ್ಟು ಆರಿದ ಮೇಲೆ ಅದು ಸಿಗುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಬಿಸಿಕಲ್ಲಿನದೋ ಹುರಿದ ಕಾಳಿನದೋ ಎಂದು ಹೇಳಲಾಗದ ಆ ಘಮ ಮೂಗಿಗೆ ಬಡಿದು ಹೋಗುತ್ತದೆ, ಅಷ್ಟೇ. ಕಳೆದ ತಿಂಗಳು ಚನ್ನಗಿರಿಯ ನಮ್ಮ ಮನೆಯಲ್ಲಿ ಅಂಥದೊಂದು ಡಬ್ಬಿಯನ್ನು ಅಡುಗೆಮನೆಗೆ ಒಯ್ಯದೆ ಕಂಪ್ಯೂಟರಿನ ಪಕ್ಕದಲ್ಲಿ ತೆರೆದಿಟ್ಟುಕೊಂಡು ಕೂತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಹಿಟ್ಟಿಗೂ ಪಾಠ ಹೇಳಾಕೆ ಕೂತೀರೇನ್ರೀ? ರೊಟ್ಟಿ ಬೇಕಾ ಬ್ಯಾಡ್ವಾ?"

ರೊಟ್ಟಿ ಬೇಕಿತ್ತು. ಆದರೆ ಅದಕ್ಕಿಂತ ಮೊದಲು ನನಗೆ ಗಿರಣಿ ಅಕ್ಕ ಬೇಕಿತ್ತು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಈಚೆಗೆ ಬಿಡುವಿನಲ್ಲಿ ಗೇಮ್ ಎಂಜಿನ್ ಕಲಿಯುತ್ತಿದ್ದೇನೆ. ಕಂಪ್ಯೂಟರ್ ಆಟಗಳನ್ನು ಕಟ್ಟುವ ಸಾಫ್ಟ್‌ವೇರ್ ಅದು. ಆಟ ಆಡುವ ಚಪಲ ನನಗಿಲ್ಲ. ನನ್ನನ್ನು ಹಿಡಿದದ್ದು ಬೆಳಕು. ಅದರೊಳಗೆ ಒಂದು ಕೋಣೆ ಕಟ್ಟಿ, ಬಾಗಿಲು ಕೊರೆದು, ಹೊರಗೆ ಸೂರ್ಯನನ್ನು ನಿಲ್ಲಿಸಿದರೆ ಬಿಸಿಲು ಒಳಗೆ ಎಲ್ಲಿ ಬಿದ್ದು, ಎಲ್ಲಿಂದ ಪುಟಿದು, ಯಾವ ಮೂಲೆಗೆ ಎಷ್ಟು ತಲುಪುತ್ತದೆ ಎಂದು ಅದು ಲೆಕ್ಕ ಹಾಕಿ ತೋರಿಸುತ್ತದೆ. ಕರಿಹಲಗೆಯ ಮೇಲೆ ಇಷ್ಟು ವರ್ಷ ಬಾಣದ ಗುರುತು ಎಳೆದವನಿಗೆ ಅದು ಹುಚ್ಚು ಹಿಡಿಸುವಂಥದ್ದೇ.

ಹೊನ್ನಾಳಿಯಲ್ಲಿ ಶಿಕ್ಷಕರ ತರಬೇತಿಯೊಂದಕ್ಕೆ ಹೋದಾಗ ಈ ಹುಚ್ಚನ್ನು ಎಲ್ಲರೆದುರು ಕೊಚ್ಚಿಕೊಂಡೆ. ಊಟದ ಹೊತ್ತಿಗೆ ಒಬ್ಬ ಹೆಣ್ಣುಮಗಳು ತಟ್ಟೆ ಹಿಡಿದು ಹತ್ತಿರ ಬಂದು ಕೂತರು. ನ್ಯಾಮತಿಯ ಶಾಲೆಯಲ್ಲಿ ಟೀಚರ್. "ಸರ್, ನೀವು ಜಗಳೂರಿನವರಂತೆ. ನಮ್ಮವ್ವನ ಗಿರಣಿ ಗೊತ್ತಿರಬೇಕು ನಿಮಗೆ" ಎಂದರು. ಬಿಳಿಚೋಡು ರಸ್ತೆಯ ಆ ಗಿರಣಿಯ ಗುರುತು ಹೇಳುತ್ತಿದ್ದ ಹಾಗೆ ನನಗೆ ತಿಳಿದುಹೋಯಿತು. ಗಿರಣಿ ಅಕ್ಕನ ಮಗಳು! ಅಕ್ಕ ತೀರಿಕೊಂಡು ಎರಡು ವರ್ಷವಾಯಿತು ಎಂದು ನನಗೆ ತಿಳಿದದ್ದು ಅಲ್ಲೇ, ಆ ತಟ್ಟೆಯ ಮುಂದೆ.

ಗಿರಣಿ ಈಗ ಇಲ್ಲ. ಅದನ್ನು ಕೆಡವಿದ ಜಾಗದಲ್ಲಿ ಮೊಬೈಲ್ ಅಂಗಡಿಗಳ ಕಾಂಪ್ಲೆಕ್ಸ್ ಎದ್ದಿದೆ. ಒಳಗಿನದೊಂದು ಫೋಟೊ ಕೂಡ ಯಾರ ಹತ್ತಿರವೂ ಇಲ್ಲ. "ಅದನ್ನ ಕಟ್ಟಿ ತೋರಿಸ್ತೀರಾ ಸರ್?" ಎಂದು ಕೇಳಿದ ಮಗಳು ಕಾರಣವನ್ನೂ ಹೇಳಿದರು. ಕೊನೆಗಾಲದಲ್ಲಿ ಅಕ್ಕ ಪದೇ ಪದೇ ಒಂದು ಮಾತು ಹೇಳುತ್ತಿದ್ದರಂತೆ: ನನ್ನ ಗಿರಣ್ಯಾಗೆ ಬಲ್ಬೇ ಬೇಕಾಗ್ತಿರಲಿಲ್ಲ, ಅಷ್ಟು ಬೆಳಕಿತ್ತು. ಮಗಳು ಕಂಡದ್ದು ಹಗಲಿಡೀ ಬಲ್ಬು ಉರಿದರೂ ಗವಿಯಂತಿದ್ದ ಕೋಣೆ. ಅದರಲ್ಲೇ ಹೋಂವರ್ಕ್ ಮಾಡಿ ಬೆಳೆದವರು ಅವರು. "ಜೀವಮಾನ ಕತ್ತಲಾಗೆ ಕಳೆದೆ ಅಂತ ನಾನು ಮರುಗಬಾರದು ಅಂತ ಅವ್ವ ಸುಳ್ಳು ಹೇಳ್ತಿದ್ರು ಅನ್ಸುತ್ತೆ. ಅದು ಸುಳ್ಳೋ ನಿಜವೋ, ನಂಗೆ ಗೊತ್ತಾಗಬೇಕು ಸರ್."

ನನಗೆ ಬೆಳಕು ನೆನಪಿತ್ತು. ಬೇಕಾದಷ್ಟು ಬೆಳಕು. ಆದರೆ ನನ್ನ ನೆನಪನ್ನು ನಾನು ನಂಬುವವನಲ್ಲ. ವಿಶ್ವವಿದ್ಯಾಲಯ ನನಗೆ ಕಲಿಸಿದ್ದರಲ್ಲಿ ಈಗಲೂ ಉಳಿದಿರುವುದು ಅದೊಂದೇ. ಇಪ್ಪತ್ತೈದರ ಹರೆಯದಲ್ಲಿ ಕಂಡದ್ದೆಲ್ಲ ಐವತ್ತರ ಹೊತ್ತಿಗೆ ಬೆಳ್ಳಗೆ ಹೊಳೆಯುತ್ತದೆ. ಅದಕ್ಕೆ ಸೂರ್ಯನೇ ಬೇಕೆಂದಿಲ್ಲ.

ಎಮ್ಮೆಸ್ಸಿ ಮುಗಿಸಿ ಕೆಲಸಕ್ಕೆ ಕಾಯುತ್ತ ಜಗಳೂರಿನಲ್ಲಿದ್ದ ಕಾಲ ಅದು. ಮನೆಯಲ್ಲಿ ಕೂತರೆ ಎಲ್ಲರ ಕಣ್ಣೂ ನನ್ನ ಮೇಲೆ. ಹಾಗಾಗಿ ಹಿಟ್ಟಿನ ಡಬ್ಬಿ ಹೊತ್ತು ಗಿರಣಿಗೆ ಹೋಗುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೆ. ಅಕ್ಕ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಗಂಡ ಯಾವಾಗಲೂ ಲಾರಿಯ ಮೇಲೆ. ಆಗಿನ್ನೂ ಕೂಸಾಗಿದ್ದ ಮಗಳು ಬಿಳಿಚೋಡಿನ ತವರಿನಲ್ಲಿ. ಗಿರಣಿ ಪೂರ್ತಿ ಅಕ್ಕನ ಕೈಯಲ್ಲಿ. ಎತ್ತರದ ಆಳು, ಎತ್ತರದ ದನಿ. ಮೋಟರಿನ ಸದ್ದನ್ನು ಮೀರಿ ಮಾತಾಡಿ ರೂಢಿಯಾಗಿ, ಕರೆಂಟು ಹೋದಾಗಲೂ ಅದೇ ದನಿಯಲ್ಲಿ ಕೂಗುತ್ತಿದ್ದರು. "ಬಾರಪ್ಪಾ ಎಮ್ಮೆಸ್ಸಿ! ಡಬ್ಬಿ ಸಾಲಿಗಿಡು. ಓದಿದೋರ ಡಬ್ಬಿಗೆ ಇಲ್ಲಿ ಬ್ಯಾರೆ ಸಾಲಿಲ್ಲ."

ಆ ಗಿರಣಿಯಲ್ಲಿ ಜನ ಸಾಲು ನಿಲ್ಲುತ್ತಿರಲಿಲ್ಲ, ಡಬ್ಬಿಗಳು ನಿಲ್ಲುತ್ತಿದ್ದವು. ಯಜಮಾನಿಯರು ಗೋಣಿಚೀಲದ ಮೇಲೆ ಕೂತು ಲೋಕದ ಸುದ್ದಿ ಬೀಸುತ್ತಿದ್ದರು. ಹಿಟ್ಟು ಬೀಳುವ ಬಾಯಿಗೆ ಒಂದು ಉದ್ದನೆಯ ಬಟ್ಟೆಯ ತೋಳು ಕಟ್ಟಿತ್ತು. ಒಂದೊಂದು ಡಬ್ಬಿ ಮುಗಿದಾಗಲೂ ಅಕ್ಕ ಆ ತೋಳನ್ನು ಎರಡೂ ಕೈಯಿಂದ ಪಟಪಟ ಬಡಿಯುತ್ತಿದ್ದರು. ಒಳಗೆ ಅಂಟಿದ ಹಿಟ್ಟೂ ಡಬ್ಬಿಗೇ ಬೀಳಲಿ ಎಂದು. ಬೇರೆ ಗಿರಣಿಗಳಲ್ಲಿ ಒಂದೇಟು ಹೊಡೆದು ಮುಂದಿನ ಡಬ್ಬಿ ಎಳೆಯುತ್ತಾರೆ. ಅಕ್ಕ ಹಾಸಿಗೆ ಕೊಡವುವ ಹಾಗೆ ಬಡಿಯುತ್ತಿದ್ದರು. ಕೋಣೆಯೆಲ್ಲ ಹಿಟ್ಟಿನ ಮೋಡ. ಅದು ಇಳಿಯುವಷ್ಟರಲ್ಲಿ ಮುಂದಿನ ಡಬ್ಬಿಯ ಮೋಡ...

ಕೋಣೆ ಕಟ್ಟುವುದು ಕಷ್ಟವಾಗಲಿಲ್ಲ. ಮೂಡಲಿಗೆ ಒಂದೇ ಬಾಗಿಲು, ಕಿಟಕಿ ಇಲ್ಲ, ಮೇಲೆ ತಗಡು, ನಡುವೆ ಯಂತ್ರ, ತೊಲೆಯಿಂದ ಇಳಿಬಿಟ್ಟ, ಉರಿಯುವ ಒಂದು ಬಲ್ಬು. ಅಳತೆಗಳನ್ನು ಅಕ್ಕನ ಮಗಳೂ ನಾನೂ ಫೋನಿನಲ್ಲಿ ಜಗಳಾಡಿ ಒಪ್ಪಿಕೊಂಡೆವು. ಬೆಳಗಿನ ಸೂರ್ಯನನ್ನು ಬಾಗಿಲಿಗೆ ಎದುರಾಗಿ ನಿಲ್ಲಿಸಿದೆ. ನೆಲದ ಮೇಲೆ ಒಂದು ಚೌಕ ಬಿಸಿಲು ಬಿತ್ತು. ಉಳಿದದ್ದೆಲ್ಲ ಕತ್ತಲೆ. ಗವಿ.

ಗೇಮ್ ಎಂಜಿನ್ ಕಲಿಯುವವರೆಲ್ಲ ಮಾಡುವ ತಪ್ಪನ್ನು ನಾನೂ ಮಾಡಿದೆ. ಕತ್ತಲೆ ಕಂಡಲ್ಲೆಲ್ಲ ಕಣ್ಣಿಗೆ ಬೀಳದ ಒಂದೊಂದು ಕಳ್ಳದೀಪ ಇಟ್ಟೆ: ಮೂಟೆಯ ಹಿಂದೊಂದು, ಯಂತ್ರದ ಮೇಲೊಂದು, ಮೂಲೆಯಲ್ಲೊಂದು. ಬೆಳಕೇನೋ ಬಂತು. ಮದುವೆ ಛತ್ರದ ಬೆಳಕು. ಯಾವ ವಸ್ತುವೂ ನೆಲದ ಮೇಲೆ ಕೂತಂತೆ ಕಾಣಲಿಲ್ಲ, ಎಲ್ಲ ತೇಲುತ್ತಿದ್ದವು. ಅದನ್ನೇ ಕಳಿಸಿಬಿಟ್ಟಿದ್ದರೆ ಮಗಳು ಬಹುಶಃ ಸಂತೋಷಪಡುತ್ತಿದ್ದರು. ಆದರೆ ಅಕ್ಕನ ಮಾತು ನಿಜವೇ ಎಂದು ಕೇಳಿದವರಿಗೆ ಸುಳ್ಳು ಬೆಳಕಿನಲ್ಲಿ ಉತ್ತರ ಕೊಡುವುದು ಹೇಗೆ? ಎಲ್ಲ ಕಳ್ಳದೀಪ ಕಿತ್ತು ಹಾಕಿದೆ. ಎಂಜಿನ್ನಿನೊಳಗಿನ ಕ್ಯಾಮೆರಾ ಹೆಚ್ಚು ಬೆಳಕು ಹೀರುವಂತೆ ಮಾಡಿ ನೋಡಿದೆ. ಬಾಗಿಲು ಸುಟ್ಟಂತೆ ಬೆಳ್ಳಗಾಯಿತು, ಒಳಗೆ ಅದೇ ಕತ್ತಲೆ.

ಹಾಗಾದರೆ ಅಕ್ಕನದೂ ಸುಳ್ಳು, ನನ್ನದೂ ಸುಳ್ಳು. ನಾನು ಅದನ್ನು ಒಪ್ಪಿಕೊಳ್ಳಲು ಸಿದ್ಧನಿದ್ದೆ ಕೂಡ. ಆ ದಿನವೇ ಡಬ್ಬಿ ತಂದು ಪಕ್ಕದಲ್ಲಿಟ್ಟುಕೊಂಡದ್ದು.

ಮುಚ್ಚಳದ ಒಳಗೆ ಅಂಟಿದ್ದ ಹಿಟ್ಟು ಬೆರಳಿಗೆ ಹತ್ತಿತು. ಬೆರಳನ್ನು ಮೇಜಿನ ಕಪ್ಪು ಅಂಚಿಗೆ ಒರೆಸಿದೆ. ಬಿಳಿ ಗೀಟು. ಅದನ್ನು ನೋಡುತ್ತಿದ್ದ ಹಾಗೆ ಒಂದು ಹೆಂಗಸಿನ ದನಿ, ಎಷ್ಟೋ ವರ್ಷದ ಮೇಲೆ, ಸ್ಪಷ್ಟವಾಗಿ ಕೇಳಿತು.

"ನಮ್ ಜೋಳ ಎಲ್ಲಿಗೋತು ಅಂದ್ರೆ... ಅಗೋ, ಗೋಡೆ ಮೇಲೈತಲ್ಲ!"

ಬೀಸಿಸಲು ಬಂದಿದ್ದವರೊಬ್ಬರು ತಮ್ಮ ಹಿಟ್ಟು ಕಡಿಮೆ ಬಂತೆಂದು ಕೈ ಚಾಚಿ ಹೇಳಿದ ಮಾತು ಅದು. ಅಕ್ಕ ಬಿಡುವವರೇ? "ನಾಲಿಗೆ ಉದ್ದ ಐತಲ್ಲವ್ವಾ, ನೆಕ್ಕಿ ತಗಂಡು ಹೋಗು" ಎಂದರು. ಚೀಲದ ಮೇಲೆ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ಮಾತು ನಗೆಯ ಜೊತೆ ಮುಗಿಯಲಿಲ್ಲ. ಆಗಷ್ಟೇ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸ ಗಿರಣಿ ಆಗಿತ್ತು. ಒಂದು ವಾರದಲ್ಲಿ ಅಕ್ಕನ ಡಬ್ಬಿಯ ಸಾಲು ಹೊಸಿಲು ದಾಟದಷ್ಟು ಗಿಡ್ಡವಾಯಿತು.

ಇದೆಲ್ಲ ಮರೆತೇ ಹೋಗಿತ್ತು ನನಗೆ. ಗೋಡೆಗಳು! ಫೋನಿನಲ್ಲಿ ತೆಗೆದ ಯಾವುದೋ ಹಳೆಯ ಗಿರಣಿಯ ಮಾಸಿದ ಗೋಡೆಯ ಚಿತ್ರವನ್ನು ನಾನು ಕೋಣೆಗೆ ಅಂಟಿಸಿದ್ದೆ. ಅಕ್ಕನ ಗೋಡೆಗಳು ತೊಲೆಯವರೆಗೆ ಹಿಟ್ಟು ಮೆತ್ತಿದ ಗೋಡೆಗಳು. ನೆಲ, ಮೂಟೆ, ತಗಡಿನ ಒಳಮೈ, ಅಕ್ಕನ ಹುಬ್ಬು, ಎಲ್ಲ ಬಿಳಿ. ಯಂತ್ರದ ಬೆಲ್ಟೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಹಿಟ್ಟಿನ ಬಣ್ಣ ಕೊಟ್ಟು ಬೆಳಕನ್ನು ಮತ್ತೆ ಲೆಕ್ಕ ಹಾಕಲು ಬಿಟ್ಟೆ. ಕಂಪ್ಯೂಟರು ಗುರುಗುಟ್ಟತೊಡಗಿತು. ಪರದೆಯ ಮೇಲೆ ಮೊದಲು ನೆಲ ಬೆಳಗಿತು. ಅಲ್ಲಿಂದ ಗೋಡೆ, ಗೋಡೆಯಿಂದ ತಗಡು, ತಗಡಿನಿಂದ ಯಂತ್ರದ ಹಿಂದಿನ ಮೂಲೆ. ಬಾಗಿಲೊಳಗೆ ಬಂದ ಅದೇ ಒಂದು ಚೌಕ ಬಿಸಿಲು ಕೋಣೆಯನ್ನೆಲ್ಲ ಸುತ್ತಿ ಬಂತು.

ಅದು ನನ್ನ ನೆನಪಿನ ಗಿರಣಿಯೇ ಆಗಿತ್ತು. ಅದಕ್ಕೇ ನನಗೆ ಅನುಮಾನ ಬಂತು. ಬೇಕಾದ ಉತ್ತರ ಬರುವವರೆಗೆ ಬಣ್ಣ ತಿದ್ದಿದ ಪ್ರಯೋಗವನ್ನು ವಿದ್ಯಾರ್ಥಿ ತಂದಿದ್ದರೆ ಹರಿದು ಬಿಸಾಡುತ್ತಿದ್ದೆ. ಮಗಳು ಕಂಡ ಕತ್ತಲೆ ಎಲ್ಲಿಂದ ಬಂತು ಎಂದು ಹೇಳದೆ ಈ ಬೆಳಕಿಗೆ ಬೆಲೆಯಿಲ್ಲ. ಆ ಗಲಾಟೆಯ ಮುಂದಿನ ತುಣುಕಿಗಾಗಿ ತಡಕಾಡಿದೆ. ಸಾಲು ಗಿಡ್ಡವಾಯಿತು, ಆಮೇಲೆ? ಆಮೇಲೆ ಚನ್ನಗಿರಿಯಲ್ಲಿ ನನಗೆ ಕೆಲಸ ಸಿಕ್ಕಿತು. ಹೊರಡುವ ಮುಂಚೆ ಹೇಳಿ ಹೋಗಲು ಗಿರಣಿಗೆ ಹೋಗಿದ್ದೆ. ಅಕ್ಕ ಸ್ಟೂಲಿನ ಮೇಲೆ ನಿಂತಿದ್ದರು. ಕೈಯಲ್ಲಿ ಬ್ರಷ್ಷು. ಸೀರೆಯ ಮೇಲೆ ಕಪ್ಪು ಹನಿ...

ಇದು ನಿಜವಾಗಿ ಕಂಡದ್ದೋ, ಈಗ ಹುಟ್ಟಿಸಿಕೊಂಡದ್ದೋ? ನ್ಯಾಮತಿಗೆ ಫೋನು ಮಾಡಿದೆ. ಏನನ್ನೂ ಹೇಳಲಿಲ್ಲ, ಒಂದೇ ಪ್ರಶ್ನೆ ಕೇಳಿದೆ: ಗೋಡೆಗೆ ಯಾವ ಬಣ್ಣ ಇತ್ತು?

"ಕರಿ" ಎಂದರು ಮಗಳು, ಯೋಚಿಸದೆ. "ಆಯಿಲ್ ಪೇಂಟು. ಹೊಳೀತಿತ್ತು. ದಿನಾ ಸಂಜೆ ಎಲ್ಲರ ಮುಂದೆ ಅವ್ವ ಗೋಡೆ ಒರೆಸೋರು. ಒರೆಸಿದ ಹಿಟ್ಟನ್ನ ಕೊನೇ ಡಬ್ಬಿಯವರ ಎಮ್ಮೆಗೆ ಅಂತ ಕಟ್ಟಿ ಕೊಡೋರು. ಯಾಕೆ ಅಂತ ನಾವ್ಯಾರೂ ಕೇಳಲಿಲ್ಲ." ಎಲ್ಲಾದರೂ ಬಣ್ಣ ಚಕ್ಕೆ ಎದ್ದರೆ ಒಳಗೆ ಬಿಳಿ ಕಾಣುತ್ತಿತ್ತು ಎಂದೂ ಸೇರಿಸಿದರು. ಸುಣ್ಣವೇ ಇರಬಹುದು. ಬಿಳಿ ಬಿಳಿಯೇ.

ಆಗ ಅಕ್ಕನ ಮಾತು ಪೂರ್ತಿ ನೆನಪಿಗೆ ಬಂತು. ನಾನು ಅಂದು ಬಾಗಿಲಲ್ಲಿ ನಿಂತು, ಕರಿ ಬಳಿದರೆ ಕೋಣೆ ಕತ್ತಲಾಗುತ್ತದೆ ಅಕ್ಕ, ಬೇರೆ ಬಣ್ಣ ಬಳಿಯಿರಿ ಎಂದಿದ್ದೆ. ಅಕ್ಕ ಸ್ಟೂಲಿನ ಮೇಲಿಂದಲೇ ತಿರುಗಿ ನೋಡಿದ್ದರು. "ಒಂದು ಚಿಟಿಕೆ ಹಿಟ್ಟು ಕುಂತ್ರೂ ಊರಿಗೆಲ್ಲ ಕಾಣ್ಬೇಕಪ್ಪ. ಕತ್ತಲಾದ್ರೆ ಬಲ್ಬ್ ಹಾಕ್ತೀನಿ. ಹೆಸರು ಹೋದ್ರೆ ಏನ್ ಹಾಕ್ಲಿ?"

ಎರಡು ಕೈಯಿಂದ ಬಡಿದು ಬಡಿದು ಅವರವರ ಹಿಟ್ಟನ್ನು ಅವರವರಿಗೆ ಕೊಟ್ಟದ್ದಕ್ಕೇ ಗೋಡೆ ಬೆಳ್ಳಗಾಗಿತ್ತು. ಆ ಬಿಳಿಯನ್ನೇ ಕಳ್ಳತನ ಎಂದರು ಜನ. ಅಕ್ಕ ಬಡಿಯುವುದನ್ನು ಬಿಡಲಿಲ್ಲ, ಬೆಳಕನ್ನು ಬಿಟ್ಟರು. ಡಬ್ಬಿಗಳು ಮತ್ತೆ ಹೊಸಿಲು ದಾಟಿ ರಸ್ತೆಗೆ ಬಂದವು ಎಂದು ಆಮೇಲೆ ಕೇಳಿದ್ದೆ. ಮಗಳನ್ನು ಬಿಳಿಚೋಡಿನಿಂದ ಕರೆತಂದು ಶಾಲೆಗೆ ಸೇರಿಸಿದ್ದು ಅದಾದ ಮೇಲೆ. ಇಬ್ಬರ ನೆನಪೂ ಸರಿಯಾಗಿತ್ತು. ನಾನು ಮೊದಲಿನದನ್ನು ಕಂಡವನು, ಅವರು ಆಮೇಲಿನದನ್ನು.

ಒಂದು ಭಾನುವಾರ ಮಗಳು ಚನ್ನಗಿರಿಗೆ ಬಂದರು. ಮೊದಲು ಕರಿ ಗೋಡೆಯ ಗಿರಣಿ ತೋರಿಸಿದೆ. "ಹೂಂ, ಇದೇ" ಎಂದರು ಸಣ್ಣ ದನಿಯಲ್ಲಿ. ಆಮೇಲೆ ಬಿಳಿಯದು. ಸೂರ್ಯ ಅದೇ, ಬಾಗಿಲು ಅದೇ, ಉರಿಯುವ ಬಲ್ಬೂ ಅದೇ, ಗೋಡೆ ಮಾತ್ರ ಬೇರೆ. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡು ನೋಡಿದರು. ಆಮೇಲೆ ಪರದೆಗೆ ಬೆರಳು ತೋರಿಸಿದರು. ನನಗೆ ಹೊಳೆಯದೇ ಹೋದ ಪರೀಕ್ಷೆ ಅವರಿಗೆ ಹೊಳೆದಿತ್ತು.

"ಬಲ್ಬ್ ಆರಿಸ್ರಿ ಸರ್."

ಆರಿಸಿದೆ. ಕೋಣೆಯಲ್ಲಿ ಏನೂ ಬದಲಾಗಲಿಲ್ಲ.

ಮಗಳು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. ಆ ನಗು ಅಕ್ಕನದೇ, ಎತ್ತರದ್ದು. ಹೆಂಡತಿ ಚಹಾ ತಂದು, ಯಾಕೆ ನಗುತ್ತಿದ್ದಾರೆಂದು ತಿಳಿಯದೆ ತಾನೂ ನಕ್ಕಳು. ಹೊರಡುವಾಗ ಮಗಳು ಕೇಳಿದರು, "ಅವ್ವನ್ನೂ ಒಳಗೆ ನಿಲ್ಲಿಸಾಕೆ ಬರುತ್ತಾ ಸರ್?" ಬರುವುದಿಲ್ಲ ಎಂದೆ. ಆಳಿನ ಗೊಂಬೆ ನಿಲ್ಲಿಸಬಹುದು. ಹಿಟ್ಟು ಕೂತ ಹುಬ್ಬು, ಬಾಯಿ ತುಂಬ ಕೂಗುವಾಗ ಎದ್ದು ಕಾಣುವ ಕತ್ತಿನ ನರ, ಇಷ್ಟು ನನಗೆ ನೆನಪಿದೆ. ಮುಖ ಪೂರ್ತಿ ಬರುವುದಿಲ್ಲ. ಇಲ್ಲದ್ದನ್ನು ತುಂಬಿಸಿದರೆ ಮತ್ತೆ ಕಳ್ಳದೀಪ ಇಟ್ಟ ಹಾಗೆ.

ಇದನ್ನು ಬರೆಯುವ ಹೊತ್ತಿಗೆ ಆ ಡಬ್ಬಿಯ ಹಿಟ್ಟೆಲ್ಲ ರೊಟ್ಟಿಯಾಗಿ ಹೋಗಿದೆ. ವಾಸನೆಯೂ ಇಲ್ಲ. ಕೆಲವು ದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಆ ಕೋಣೆ ತೆರೆದು ನೋಡುತ್ತೇನೆ. ಬಟ್ಟೆಯ ತೋಳಿನ ಪಕ್ಕ, ಅಕ್ಕ ನಿಲ್ಲುತ್ತಿದ್ದಲ್ಲಿ, ಎತ್ತರದ ಹೆಂಗಸೊಬ್ಬಳ ಮುಖದ ಮಟ್ಟಕ್ಕೆ ಗೋಡೆಯಿಂದ ಪುಟಿದ ಬೆಳಕು ಬಂದು ನಿಂತಿರುತ್ತದೆ. ಅಲ್ಲಿ ಬೀಳಲು ಅದಕ್ಕೆ ಏನೂ ಇಲ್ಲ. ಹಾಗೇ ಹಾದು ಎದುರಿನ ಗೋಡೆಗೆ ಹೋಗುತ್ತದೆ...