ನೀರಿನ ಪಟ್ಟಿಯಲ್ಲಿಲ್ಲದ ಸಾಲು

ಚಿಂತಾಮಣಿಯ ಕಚೇರಿಯೊಂದರಲ್ಲಿ ಒಬ್ಬ ಗುಮಾಸ್ತರಿದ್ದರು. ಯಾವ ಕೊಳವೆಬಾವಿಯಲ್ಲಿ ಎಷ್ಟು ಫ್ಲೋರೈಡ್ ಇದೆಯೆಂಬ ಪಟ್ಟಿಯನ್ನು ವೆಬ್‌ಸೈಟಿಗೆ ಹಾಕುತ್ತಿದ್ದವರು ಅವರೇ. ಅದನ್ನು ಅಚ್ಚು ಹಾಕಿಸಿ ನಮ್ಮೂರ ಕೊಳಾಯಿಗಳ ಬಳಿ ಅಂಟಿಸೋಣವೆಂದರೆ, ಈ ಪಟ್ಟಿಯನ್ನು ಯಾರು ಬೇಕಾದರೂ ಅಚ್ಚು ಹಾಕಿಸಿ ಹಂಚಬಹುದೆಂದು ಅದರಲ್ಲೆಲ್ಲೂ ಬರೆದಿಲ್ಲವೆಂದು ಪ್ರೆಸ್ಸಿನವನು ಒಪ್ಪಲಿಲ್ಲ.

ಆ ಕಚೇರಿಗೆ ಮೂರು ಸಲ ಅಲೆದೆ. ಪ್ರತಿ ಸಲವೂ ಗುಮಾಸ್ತರು ಟೀ ತರಿಸಿ, ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, "ಎಲ್ರೂ ನೋಡ್ಲಿ ಅಂತಾನೇ ಹಾಕಿರೋದು ಕಣಪ್ಪ, ಬೇಡ ಅಂದೋರ್ಯಾರು?" ಎನ್ನುತ್ತಿದ್ದರು.

"ಹಂಗಂತ ಕೆಳಗೊಂದು ಸಾಲು ಬರೆದುಬಿಡಿ ಸಾರ್, ನಿಮ್ಮ ದಮ್ಮಯ್ಯ!"

"ಬರೀಬೇಡ ಅಂತ ಯಾರೂ ಹೇಳಿಲ್ಲ. ಬರಿ ಅಂತಾನೂ ಹೇಳಿಲ್ವಲ್ಲ!"

ಕೊನೆಗೊಂದು ಭಾನುವಾರ ಅವರೇ ನಮ್ಮೂರಿಗೆ ಬಂದು ಕೊಳಾಯಿಯ ಮುಂದೆ ನಿಂತರು. "ಈ ನೀರು ಮಕ್ಕಳಿಗೆ ಕುಡಿಸ್ಬೇಡಿ ಕಣಮ್ಮ" ಎಂದು ಗಂಟಲು ಕಟ್ಟುವವರೆಗೂ ಬಂದವರಿಗೆಲ್ಲ ಹೇಳಿ, ಬಸ್ಸು ಹತ್ತಿದರು.

ಮರುದಿನ ಬೆಳಿಗ್ಗೆ, ಊರಿಗೆ ಹೊಸದಾಗಿ ಬಂದಿದ್ದ ಬಾಣಂತಿಯೊಬ್ಬಳು ಅಲ್ಲೇ ಬಿಂದಿಗೆ ತುಂಬಿಸಿಕೊಂಡು ಹೋದಳು. ಗೋಡೆಯ ಮೇಲೆ ಅವಳು ಓದುವಂಥದ್ದೇನೂ ಇರಲಿಲ್ಲ.